ಯಾವ ಏರ್‌ಲೈನ್ ಸೇರಬೇಕು? ಪೈಲಟ್‌ಗಳಿಗೆ ಸಂಬಳದ ಅಂಕಿಗಿಂತ ಮೊದಲು ನೋಡಬೇಕಾದ್ದು

ಒಂದು ಕೈಯಲ್ಲಿ ಇಂಡಿಗೋದ ಆಫರ್, ಇನ್ನೊಂದರಲ್ಲಿ ಏರ್ ಇಂಡಿಯಾದ್ದು. ಇದರ ನಡುವೆ ದುಬೈಗೆ ಹೋದ ಬ್ಯಾಚ್‌ಮೇಟ್ ಫೋನ್ ಮಾಡಿದಾಗಲೆಲ್ಲ ‘ಇಲ್ಲಿಗೇ ಬಂದುಬಿಡು’ ಅನ್ನುತ್ತಾನೆ. ಜಕ್ಕೂರಿನಲ್ಲೋ ಬೆಳಗಾವಿಯಲ್ಲೋ ಹಾರಾಟ ಕಲಿತು ಈಗಷ್ಟೇ ಲೈಸೆನ್ಸ್ ಪಡೆದವರಿಗೂ, ಮೂರು ಸಾವಿರ ಗಂಟೆ ಹಾರಿಸಿದ ಫಸ್ಟ್ ಆಫೀಸರ್‌ಗಳಿಗೂ ಈ ಗೊಂದಲ ತಪ್ಪಿದ್ದಲ್ಲ. ಇಂಥ ಮಾತುಕತೆ ಶುರುವಾಗುವುದು ಸಂಬಳದಿಂದ, ಬಹುಪಾಲು ಮುಗಿಯುವುದೂ ಅಲ್ಲೇ. ಸಂಬಳ ದೊಡ್ಡ ವಿಷಯವೇ. ಆದರೂ ಅದನ್ನು ಕೊನೆಯಲ್ಲಿ ನೋಡಿ ಅನ್ನುವುದಕ್ಕೆ ಕಾರಣವಿದೆ: ಈ ಕೆಲಸವನ್ನು ಬೇರೆ ಕೆಲಸಗಳಂತೆ ಮೂರು ತಿಂಗಳಲ್ಲಿ ಬಿಟ್ಟು ಹೊರಡಲಾಗದು.

ಹೊರಗೆ ಹೋಗುವ ಬಾಗಿಲು

ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದ ಪ್ರಕಾರ ಕಮಾಂಡರ್ (ಕ್ಯಾಪ್ಟನ್) ರಾಜೀನಾಮೆ ಕೊಟ್ಟರೆ ಒಂದು ವರ್ಷ, ಸಹ ಪೈಲಟ್ (ಫಸ್ಟ್ ಆಫೀಸರ್) ಆದರೆ ಆರು ತಿಂಗಳು ನೋಟಿಸ್ ಅವಧಿ ಮುಗಿಸಬೇಕು. ಏರ್‌ಲೈನ್ ಮನಸ್ಸು ಮಾಡಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟರೆ ಮಾತ್ರ ಅದಕ್ಕೂ ಮೊದಲೇ ಹೊರಡಬಹುದು. 2023ರಲ್ಲಿ ಆಕಾಸಾ ಏರ್‌ನ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ನೋಟಿಸ್ ಮುಗಿಸದೆ ಹೊರಟಾಗ ಕಂಪನಿ ಕೋರ್ಟ್ ಮೆಟ್ಟಿಲು ಹತ್ತಿತು. ಒಬ್ಬ ಕ್ಯಾಪ್ಟನ್‌ಗೆ ಮುಂದಿನ ಏರ್‌ಲೈನ್ ಒಂದು ವರ್ಷ ಸೀಟು ಕಾದಿರಿಸಬೇಕು ಅಂದರೆ ಆ ಮಾರುಕಟ್ಟೆ ಎಷ್ಟು ಗಟ್ಟಿಯಾಗಿರಬೇಕು ಯೋಚಿಸಿ.

ಇದರ ಜೊತೆಗೆ ಬಾಂಡ್. ನೋಟಿಸ್ ಬೇರೆ, ಬಾಂಡ್ ಬೇರೆ. ಒಂದನ್ನು ಮುಗಿಸಿದರೆ ಇನ್ನೊಂದು ಮುಗಿಯುವುದಿಲ್ಲ. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚನ್ನು ಕಂಪನಿ ಭರಿಸಿದರೆ ಇಷ್ಟು ವರ್ಷ ಇರಬೇಕು, ಇಲ್ಲವಾದರೆ ಇಷ್ಟು ಲಕ್ಷ ಕಟ್ಟಬೇಕು ಎಂದು ಬರೆಸಿಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ಬಾಂಡ್ ಪತ್ರದಲ್ಲಿ ನಾಲ್ಕು ಸಾಲು ಹುಡುಕಿ. ಬಾಂಡ್ ಎಣಿಕೆ ಶುರುವಾಗುವುದು ಸೇರಿದ ದಿನದಿಂದಲೋ, ಲೈನ್ ಟ್ರೇನಿಂಗ್ (ಪ್ರಯಾಣಿಕರ ವಿಮಾನದಲ್ಲಿ ತರಬೇತುದಾರರ ಜೊತೆ ಹಾರಾಟ) ಮುಗಿಸಿ ರಿಲೀಸ್ ಆದ ದಿನದಿಂದಲೋ? ಇವೆರಡರ ನಡುವೆ ಎಂಟು ತಿಂಗಳ ಅಂತರವೂ ಬರಬಹುದು. ಮೊತ್ತ ವರ್ಷ ಕಳೆದಂತೆ ಇಳಿಯುತ್ತದೋ, ಕೊನೆಯ ದಿನದವರೆಗೂ ಪೂರ್ತಿ ಹಾಗೇ ನಿಂತಿರುತ್ತದೋ? ಕಮಾಂಡ್ (ಕ್ಯಾಪ್ಟನ್ ಆಗುವ) ಟ್ರೇನಿಂಗ್‌ಗೋ ಬೇರೆ ವಿಮಾನಕ್ಕೋ ಕಳಿಸಿದಾಗ ಹೊಸ ಬಾಂಡ್ ಹಳೆಯದರ ಮೇಲೆ ಕೂರುತ್ತದೋ? ಮುಂದಿನ ದಿನಾಂಕದ ಚೆಕ್ ಕೇಳುತ್ತಾರೋ? ಕೊನೆಯದು ಅತಿ ಸೂಕ್ಷ್ಮ. ಚೆಕ್ ಕೊಟ್ಟ ಮೇಲೆ ವ್ಯಾಜ್ಯ ಬಂದರೆ ಅದು ಬರೀ ಕಾಂಟ್ರ್ಯಾಕ್ಟ್ ಜಗಳವಾಗಿ ಉಳಿಯುವುದಿಲ್ಲ; ಚೆಕ್ ಬೌನ್ಸ್ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕ್ರಿಮಿನಲ್ ಕೇಸೂ ಆಗುತ್ತದೆ.

ಬೇಸ್ ಮತ್ತು ರೋಸ್ಟರ್

ಬೇಸ್, ಅಂದರೆ ಡ್ಯೂಟಿ ಶುರುವಾಗಿ ಮುಗಿಯುವ ಊರು, ಎಲ್ಲಿ ಎಂಬುದು ಸಂಬಳದಲ್ಲಿ ಕಾಣಿಸದ ಸಂಬಳ. ಮನೆ ಮೈಸೂರಿನಲ್ಲಿ, ಬೇಸ್ ದೆಹಲಿ ಎಂದಿಟ್ಟುಕೊಳ್ಳಿ. ಶುಕ್ರವಾರ ರಾತ್ರಿ 10ಕ್ಕೆ ಡ್ಯೂಟಿ ಮುಗಿಯಿತು. ವಾರದ ವಿಶ್ರಾಂತಿ 48 ಗಂಟೆ. ಸೋಮವಾರ ಬೆಳಗ್ಗೆ 5ಕ್ಕೆ ಮತ್ತೆ ರಿಪೋರ್ಟಿಂಗ್. ಶನಿವಾರ 6ರ ವಿಮಾನ ಹಿಡಿದರೆ ಬೆಂಗಳೂರಿಗೆ 9ರ ಸುಮಾರಿಗೆ. ದೇವನಹಳ್ಳಿಯಿಂದ ಮೈಸೂರು ಸೇರುವಾಗ ಮಧ್ಯಾಹ್ನ ಒಂದೂವರೆ. ಸೋಮವಾರದ ಡ್ಯೂಟಿಗೆ ಸರಿಯಾಗಿ ನಿದ್ದೆ ಆಗಬೇಕಾದರೆ ಭಾನುವಾರ ಸಂಜೆ 4ರ ವಿಮಾನ ಹಿಡಿಯಲೇಬೇಕು, ಅಂದರೆ ಮೈಸೂರು ಬಿಡುವುದು ಬೆಳಗ್ಗೆ ಒಂಬತ್ತೂವರೆಗೆ. 48 ಗಂಟೆಯಲ್ಲಿ ಮನೆಯಲ್ಲಿ ಸಿಕ್ಕಿದ್ದು 20. ಅದೂ ಸಿಬ್ಬಂದಿ ಟಿಕೆಟ್‌ಗೆ ಸೀಟು ಖಾಲಿ ಇದ್ದರೆ. ದೀಪಾವಳಿ, ದಸರಾ ವಾರಗಳಲ್ಲಿ ಖಾಲಿ ಇರುವುದಿಲ್ಲ.

ಬೇಸ್ ಬೆಂಗಳೂರೇ ಆದರೂ ಲೆಕ್ಕ ಬಿಡಬೇಡಿ. ಬನಶಂಕರಿಯಲ್ಲಿ ಮನೆ ಇದ್ದವರಿಗೆ 6.15ರ ವಿಮಾನಕ್ಕೆ 5.15ಕ್ಕೆ ರಿಪೋರ್ಟಿಂಗ್ ಎಂದರೆ ಕ್ಯಾಬ್ ಮೂರೂವರೆಗೆ ಗೇಟಿನ ಮುಂದೆ ನಿಂತಿರುತ್ತದೆ, ಅಲಾರಂ ಹೊಡೆಯುವುದು ಎರಡೂ ಮುಕ್ಕಾಲಿಗೆ. ಹಳೆಯ ನಿಯಮದಲ್ಲಿ ರಾತ್ರಿ ಎಂದರೆ 12ರಿಂದ 5. ಹಾಗಾಗಿ ಈ ಡ್ಯೂಟಿ ‘ಬೆಳಗಿನದು’ ಎಂದು ಲೆಕ್ಕವಾಗುತ್ತಿತ್ತು. ಹೊಸ ಎಫ್‌ಡಿಟಿಎಲ್‌ನಲ್ಲಿ (ಪೈಲಟ್‌ಗಳ ಡ್ಯೂಟಿ, ವಿಶ್ರಾಂತಿಯ ಮಿತಿ ಹೇಳುವ ಡಿಜಿಸಿಎ ನಿಯಮ) ರಾತ್ರಿ 6ರ ತನಕ ಚಾಚಿಕೊಂಡಿದೆ, ಅದೇ ಡ್ಯೂಟಿ ಈಗ ರಾತ್ರಿಯ ಪಟ್ಟಿಗೆ ಬಿತ್ತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದ್ದು 2025ರ ಜುಲೈ 1ರಿಂದ. ರಾತ್ರಿ ಡ್ಯೂಟಿಯ ಲ್ಯಾಂಡಿಂಗ್ ಮಿತಿ ಆರರಿಂದ ಎರಡಕ್ಕೆ ಇಳಿಯುವ ಹಂತ ನವೆಂಬರ್ 1ರಿಂದ ಜಾರಿಗೆ ಬಂತು. ಇದಕ್ಕೆ ಬೇಕಾದಷ್ಟು ಸಿಬ್ಬಂದಿ ಹೊಂದಿಸಿಕೊಳ್ಳದ ಕಾರಣ ಡಿಸೆಂಬರ್ ಮೊದಲ ವಾರ ಇಂಡಿಗೋದ ವೇಳಾಪಟ್ಟಿಯೇ ಕುಸಿಯಿತು. 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಆಗ ಆ ಕಂಪನಿಗೆ 2026ರ ಫೆಬ್ರುವರಿ 10ರ ತನಕ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಇದರಿಂದ ಕಲಿಯಬೇಕಾದ್ದು ಇಷ್ಟು: ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಪಾಲಿಸುವಷ್ಟು ಪೈಲಟ್‌ಗಳು ಆ ಬೇಸ್‌ನಲ್ಲಿ ಇದ್ದಾರೆಯೇ ಎಂದು ಕೇಳಬೇಕು.

ಕೇಳುವ ಬಗೆ ಹೀಗೆ. ಅಲ್ಲಿ ಕೆಲಸ ಮಾಡುವ ಗೆಳೆಯರಿಂದ ಕಳೆದ ಮೂರು ತಿಂಗಳ ರೋಸ್ಟರ್ (ಡ್ಯೂಟಿ ಪಟ್ಟಿ) ನೋಡಲು ಕೇಳಿ, ಎರಡು ಪ್ರತಿ: ತಿಂಗಳ ಮೊದಲು ಪ್ರಕಟವಾದದ್ದು, ಕೊನೆಗೆ ನಿಜವಾಗಿ ಹಾರಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ದಿನ ಬದಲಾಗಿದೆ ಎಣಿಸಿ. ಹೋಮ್ ಸ್ಟ್ಯಾಂಡ್‌ಬೈ (ಕರೆ ಬಂದರೆ ಹೊರಡಲು ಮನೆಯಲ್ಲಿ ಸಿದ್ಧವಿರುವ ದಿನ) ಎಷ್ಟು, ಅದರಲ್ಲಿ ಕರೆಸಿಕೊಂಡದ್ದು ಎಷ್ಟು, ರಜೆಯ ಹಿಂದಿನ ದಿನ ತಡರಾತ್ರಿಯ ಲ್ಯಾಂಡಿಂಗ್ ಹಾಕಿದ್ದಾರೆಯೇ, ಇವೆಲ್ಲ ಅದರಲ್ಲೇ ಕಾಣುತ್ತವೆ. ಎಚ್‌ಆರ್ ಹೇಳುವ ಯಾವ ಮಾತಿಗಿಂತಲೂ ಈ ಎರಡು ಹಾಳೆಗಳು ಹೆಚ್ಚು ಹೇಳುತ್ತವೆ.

ಎಡ ಸೀಟಿಗೆ ಎಷ್ಟು ವರ್ಷ?

ಎಡ ಸೀಟು ಕ್ಯಾಪ್ಟನ್‌ದು, ಬಲದ್ದು ಫಸ್ಟ್ ಆಫೀಸರ್‌ದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಬೇಕು. ಕೈಯಲ್ಲಿ 200 ಗಂಟೆ ಇಟ್ಟುಕೊಂಡು ಸೇರಿದವರು ವರ್ಷಕ್ಕೆ 700 ಗಂಟೆ ಹಾರಿದರೆ ಸುಮಾರು ಎರಡು ವರ್ಷಕ್ಕೆ ಅಲ್ಲಿಗೆ ಮುಟ್ಟುತ್ತಾರೆ. ಅಲ್ಲಿಂದ ಮುಂದೆ ಕಮಾಂಡ್ ಯಾವಾಗ ಎಂಬುದನ್ನು ತೀರ್ಮಾನಿಸುವುದು ಕಂಪನಿಯ ಸ್ವಂತ ಮಿತಿ, ಸೀನಿಯಾರಿಟಿ ಪಟ್ಟಿ ಮತ್ತು ಬರುತ್ತಿರುವ ವಿಮಾನಗಳ ಸಂಖ್ಯೆ. ‘ನಮ್ಮಲ್ಲಿ ಬೇಗ ಕಮಾಂಡ್ ಸಿಗುತ್ತದೆ’ ಎಂಬ ಮಾತಿಗೆ ತೂಕವಿಲ್ಲ. ಹೀಗೆ ಕೇಳಿ: ಕಳೆದ ಎರಡು ಕಮಾಂಡ್ ಬ್ಯಾಚ್‌ಗಳಲ್ಲಿ ಕೊನೆಯ ಹೆಸರು ಯಾವ ವರ್ಷ, ಯಾವ ತಿಂಗಳು ಸೇರಿದವರದ್ದು? ಆ ಬ್ಯಾಚ್‌ನಲ್ಲಿ ಮೊದಲ ಯತ್ನದಲ್ಲೇ ಪಾಸಾದವರು ಎಷ್ಟು ಮಂದಿ? ಎರಡು ಬ್ಯಾಚ್‌ಗಳ ನಡುವೆ ಸರದಿ ಮುಂದಕ್ಕೆ ಸರಿದಿದೆಯೋ, ಹಿಂದಕ್ಕೋ?

ಕಂಪನಿ ಬದಲಿಸಿದರೆ ಸೀನಿಯಾರಿಟಿ ಸೊನ್ನೆಯಿಂದ ಶುರು. ಕಮಾಂಡ್‌ಗೆ ಒಂದೂವರೆ ವರ್ಷವಷ್ಟೇ ಉಳಿದ ಫಸ್ಟ್ ಆಫೀಸರ್, ತಿಂಗಳಿಗೆ ಐವತ್ತು ಸಾವಿರ ಹೆಚ್ಚು ಸಿಗುತ್ತದೆಂದು ಬೇರೆ ಕಡೆ ಹೋಗುವುದು ಬಹುತೇಕ ಸಲ ನಷ್ಟದ ವ್ಯಾಪಾರ. ಬಲ ಸೀಟಿಗೂ ಎಡ ಸೀಟಿಗೂ ಸಂಬಳದಲ್ಲಿ ಎರಡು ಪಟ್ಟಿಗೂ ಮೀರಿದ ಅಂತರ ಇರುವಾಗ ಕಮಾಂಡ್ ಎರಡು ವರ್ಷ ತಡವಾದರೆ ಆ ಐವತ್ತು ಸಾವಿರ ಎಲ್ಲಿಗೆ ಸಾಕು?

ಗ್ಯಾರಂಟಿ ಗಂಟೆಯ ಲೆಕ್ಕ

ಈಗ ಸಂಬಳಕ್ಕೆ ಬರೋಣ. ಆಫರ್ ಪತ್ರದಲ್ಲಿ ದಪ್ಪಕ್ಷರದಲ್ಲಿರುವ ಒಟ್ಟು ಮೊತ್ತಕ್ಕಿಂತ ಸಣ್ಣಕ್ಷರದಲ್ಲಿರುವ ಗ್ಯಾರಂಟಿ ಗಂಟೆ ಮುಖ್ಯ. ಹಾರಲಿ ಬಿಡಲಿ, ಅಷ್ಟು ಗಂಟೆಗೆ ಹಣ ಬರುತ್ತದೆ. ಮೇಲಿನದ್ದು ಹಾರಿದರೆ ಮಾತ್ರ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ‘ಅ’ ಕಂಪನಿ 70 ಗಂಟೆ ಗ್ಯಾರಂಟಿ ಕೊಡುತ್ತದೆ, ಗಂಟೆಗೆ 3,000. 70 ದಾಟಿದ ಮೇಲೆ 3,500. ‘ಬ’ ಕಂಪನಿಯದು 40 ಗಂಟೆ ಗ್ಯಾರಂಟಿ, ಎಲ್ಲ ಗಂಟೆಗೂ 4,000. ತಿಂಗಳಿಗೆ 75 ಗಂಟೆ ಹಾರಿದರೆ ‘ಅ’ದಲ್ಲಿ 2,27,500, ‘ಬ’ದಲ್ಲಿ 3,00,000. ಅದೇ 35 ಗಂಟೆಯಷ್ಟೇ ಹಾರಲು ಸಿಕ್ಕ ತಿಂಗಳು ‘ಅ’ದಲ್ಲಿ 2,10,000, ‘ಬ’ದಲ್ಲಿ 1,60,000. ಎರಡೂ ಸಮ ಬರುವುದು ಐವತ್ತೆರಡೂವರೆ ಗಂಟೆಗೆ. ಅಂದರೆ ಪ್ರಶ್ನೆ ಯಾರು ಹೆಚ್ಚು ಕೊಡುತ್ತಾರೆ ಎಂಬುದಲ್ಲ. ಆ ಕಂಪನಿಯಲ್ಲಿ ನಿಮ್ಮ ದರ್ಜೆಯವರು ತಿಂಗಳಿಗೆ ಎಷ್ಟು ಗಂಟೆ ಹಾರುತ್ತಿದ್ದಾರೆ ಎಂಬುದು.

ಇದು ಪೈಲಟ್‌ಗಳಿಗೆ ಎಷ್ಟು ಮುಟ್ಟುವ ವಿಷಯ ಎಂಬುದಕ್ಕೆ 2024 ಸಾಕ್ಷಿ. ಏರ್ ಇಂಡಿಯಾ ಜೊತೆಗಿನ ವಿಲೀನಕ್ಕೆ ಮುಂಚೆ ವಿಸ್ತಾರಾ ತನ್ನ ಪೈಲಟ್‌ಗಳ 70 ಗಂಟೆಯ ನಿಗದಿತ ಸಂಬಳವನ್ನು 40 ಗಂಟೆಯ ಲೆಕ್ಕಕ್ಕೆ ಬದಲಿಸಿದಾಗ ಅಸಮಾಧಾನ ಭುಗಿಲೆದ್ದು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು.

ಗಂಟೆ ಲೆಕ್ಕದ ಸಂಬಳದಲ್ಲಿ ಹಣ ಸೋರುವ ತೂತುಗಳು ಇವು: ಸಿಮ್ಯುಲೇಟರ್ ದಿನಗಳು, ಗ್ರೌಂಡ್ ಕ್ಲಾಸ್, ಪ್ರಯಾಣಿಕನಂತೆ ಕೂತು ಹೋಗುವ ಡೆಡ್‌ಹೆಡ್, ವಾರ್ಷಿಕ ರಜೆಯ ತಿಂಗಳು, ಹೊಸ ವಿಮಾನಕ್ಕೆ ಬದಲಾಗುವ ಮೂರು ನಾಲ್ಕು ತಿಂಗಳ ತರಬೇತಿ. ಇವುಗಳಿಗೆ ಪ್ರತಿಯೊಂದಕ್ಕೂ ಏನು ಕೊಡುತ್ತೀರಿ ಎಂದು ಲಿಖಿತವಾಗಿ ಕೇಳಿ. ಎಲ್ಲಕ್ಕಿಂತ ಮೇಲಾಗಿ ಮೆಡಿಕಲ್. ಪೈಲಟ್‌ಗಳ ಕಡ್ಡಾಯ ವೈದ್ಯಕೀಯ ತಪಾಸಣೆಯಾದ ಕ್ಲಾಸ್ 1 ಮೆಡಿಕಲ್‌ನಲ್ಲಿ ತಾತ್ಕಾಲಿಕವಾಗಿ ಅನ್‌ಫಿಟ್ ಆದರೆ ಗಂಟೆಯ ಹಣ ನಿಲ್ಲುತ್ತದೆ, ಮನೆ ಸಾಲದ ಕಂತು ನಿಲ್ಲುವುದಿಲ್ಲ. ಕಂಪನಿಯ ಲಾಸ್ ಆಫ್ ಲೈಸೆನ್ಸ್ ವಿಮೆ ಎಷ್ಟು ಮೊತ್ತದ್ದು, ತಾತ್ಕಾಲಿಕ ಅನ್‌ಫಿಟ್‌ಗೂ ಅನ್ವಯಿಸುತ್ತದೆಯೋ ಅಥವಾ ಲೈಸೆನ್ಸ್ ಶಾಶ್ವತವಾಗಿ ಹೋದರೆ ಮಾತ್ರವೋ, ಎಷ್ಟು ದಿನ ಕಾದ ಮೇಲೆ ಹಣ ಶುರು ಎಂಬುದನ್ನು ಓದಿ. ವಯಸ್ಸು ನಲವತ್ತು ದಾಟಿದವರು ಕಂಪನಿಯದ್ದರ ಮೇಲೆ ಸ್ವಂತದ್ದೊಂದು ಮಾಡಿಸುವುದು ಒಳ್ಳೆಯದು.

ಕಂಪನಿ ನಿಲ್ಲುತ್ತದೆಯೇ?

ಬೆಂಗಳೂರಿನ ಪೈಲಟ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು, ಗೋ ಫಸ್ಟ್ 2023ರ ಮೇನಲ್ಲಿ. ಮುಳುಗುವ ಕಂಪನಿ ಮೊದಲೇ ಸುಳಿವು ಕೊಡುತ್ತದೆ, ಅದೂ ನಿಮ್ಮ ಮೊಬೈಲ್‌ನಲ್ಲೇ. ಸಂಬಳ ಒಂದನೇ ತಾರೀಕಿನಿಂದ ಏಳಕ್ಕೆ, ಏಳರಿಂದ ಹದಿನೈದಕ್ಕೆ ಜಾರುವುದು ತಡವಾದ ಸುಳಿವು. ಅದಕ್ಕೂ ಮೊದಲು ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ಪಿಎಫ್ ಜಮೆ ನಿಂತಿರುತ್ತದೆ. ಸಂಬಳದ ಚೀಟಿಯಲ್ಲಿ ಕಡಿತವಾದ ತೆರಿಗೆ (ಟಿಡಿಎಸ್) ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ (ಫಾರಂ 26ಎಎಸ್) ಕಾಣುವುದಿಲ್ಲ. ಸೇರುವ ಮೊದಲು ಅಲ್ಲಿರುವ ಯಾರನ್ನಾದರೂ ಈ ಎರಡನ್ನೂ ನೋಡಿ ಹೇಳಲು ಕೇಳಿ, ಸೇರಿದ ಮೇಲೆ ಮೂರು ತಿಂಗಳಿಗೊಮ್ಮೆ ನೀವೇ ನೋಡಿಕೊಳ್ಳಿ. ಹ್ಯಾಂಗರ್ ಪಕ್ಕದಲ್ಲಿ ಎಂಜಿನ್ ಇಲ್ಲದೆ ನಿಂತ ವಿಮಾನಗಳ ಸಂಖ್ಯೆ, ಒಂದು ವಿಮಾನದ ಬಿಡಿಭಾಗ ತೆಗೆದು ಇನ್ನೊಂದಕ್ಕೆ ಹಾಕುವ ಪರಿಪಾಠ, ಲೀಸ್ ಕೊಟ್ಟವರು ವಿಮಾನ ವಾಪಸ್ ಕೇಳುತ್ತಿರುವ ಸುದ್ದಿ, ಇವೂ ಅದೇ ಸಾಲಿನವು.

ಕಂಪನಿ ನಿಂತರೆ ಕೈ ಹಿಡಿಯುವುದು ಟೈಪ್ ರೇಟಿಂಗ್. ಭಾರತದಲ್ಲಿ ಏರ್‌ಬಸ್ ಎ320 ರೇಟಿಂಗ್ ಇದ್ದವರಿಗೆ ಬಾಗಿಲು ಹೆಚ್ಚು. ಬೋಯಿಂಗ್ 737ಕ್ಕೆ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸಾ, ಸ್ಪೈಸ್‌ಜೆಟ್. ಎಂಬ್ರೇಯರ್‌ಗೆ ನಿಗದಿತ ಸೇವೆಯಲ್ಲಿ ಹೆಚ್ಚೂ ಕಡಿಮೆ ಸ್ಟಾರ್ ಏರ್ ಒಂದೇ. ಹಾರಾಟ ನಿಂತ ಮೇಲೆ ಗಡಿಯಾರವೂ ಓಡುತ್ತಿರುತ್ತದೆ: 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್‌ನ ರೀಸೆನ್ಸಿ, ಆರು ತಿಂಗಳಿಗೊಮ್ಮೆ ಪ್ರೊಫಿಷಿಯೆನ್ಸಿ ಚೆಕ್ (ಹಾರಾಟ ಕೌಶಲದ ಪರೀಕ್ಷೆ). ಅವು ಕಳೆದುಹೋದರೆ ಸಿಮ್ಯುಲೇಟರ್ ಖರ್ಚು ಸ್ವಂತದ್ದಾಗುತ್ತದೆ.

ಇನ್ನೊಂದು ಅಳತೆಗೋಲಿದೆ, ಅದಕ್ಕೆ ಬೆಲೆ ಕಟ್ಟಲಾಗದು. ಅಸ್ಥಿರ ಅಪ್ರೋಚ್‌ನಿಂದ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿದವರನ್ನು ಪ್ರಶ್ನೆ ಮಾಡುತ್ತಾರೆಯೇ? ಹವಾಮಾನ ನೋಡಿ 500 ಕಿಲೋ ಇಂಧನ ಹೆಚ್ಚು ಹಾಕಿಸಿಕೊಂಡ ಕ್ಯಾಪ್ಟನ್‌ಗೆ ಮಾರನೆಯ ದಿನ ಫೋನ್ ಬರುತ್ತದೆಯೇ? ಆಯಾಸವೆಂದು ವರದಿ ಕೊಟ್ಟು ಡ್ಯೂಟಿ ಬಿಟ್ಟರೆ ಅದು ಸಿಕ್ ಲೀವ್‌ಗೆ ಹೋಗುತ್ತದೆಯೋ, ಸಂಬಳ ಕಡಿತವೋ? ಈ ಮೂರಕ್ಕೂ ಉತ್ತರ ಚೆನ್ನಾಗಿಲ್ಲದ ಕಡೆ ಎಷ್ಟೇ ಹಣ ಕೊಟ್ಟರೂ ಹೋಗಬೇಡಿ.

ಇಂಡಿಗೋ

2006ರ ಆಗಸ್ಟ್‌ನಲ್ಲಿ ಶುರುವಾದ ಕಂಪನಿ ಇಂದು ದೇಶೀಯ ಮಾರುಕಟ್ಟೆಯ ಅರವತ್ತು ಶೇಕಡಕ್ಕೂ ಹೆಚ್ಚು ಹಿಡಿದಿದೆ, ನಾನೂರಕ್ಕೂ ಮೀರಿ ವಿಮಾನಗಳಿವೆ, 2023ರಲ್ಲಿ ಒಂದೇ ಸಲಕ್ಕೆ 500 ಎ320 ಕುಟುಂಬದ ವಿಮಾನಗಳಿಗೆ ಆರ್ಡರ್ ಕೊಟ್ಟಿದೆ. ಪೈಲಟ್‌ಗೆ ಇದರ ಅರ್ಥ ಎರಡು: ಗಂಟೆಗಳು ಬೇಗ ತುಂಬುತ್ತವೆ, ಎಡ ಸೀಟುಗಳು ಹುಟ್ಟುತ್ತಲೇ ಇರುತ್ತವೆ. ಬೆಂಗಳೂರು ದೊಡ್ಡ ಬೇಸ್ ಆಗಿರುವುದರಿಂದ ಕನ್ನಡಿಗರಿಗೆ ಮನೆಯಿಂದ ಹಾರುವ ಅವಕಾಶ ಇಲ್ಲಿ ಹೆಚ್ಚು, ಮೊದಲ ದಿನವೇ ಸಿಗದಿದ್ದರೂ ಸರದಿ ಬರುತ್ತದೆ. ಪ್ರಕ್ರಿಯೆಗಳು ಒಂದೇ ಅಚ್ಚಿನವು. ಯಾವ ಕ್ಯಾಪ್ಟನ್ ಜೊತೆ ಕೂತರೂ ಕಾಕ್‌ಪಿಟ್ ಒಂದೇ ರೀತಿ ನಡೆಯುತ್ತದೆ. ಹೊಸಬರಿಗೆ ಇದು ದೊಡ್ಡ ಆಸರೆ.

ಬೆಲೆ ತೆರುವುದು ದೇಹ. ದಿನಕ್ಕೆ ಮೂರು ನಾಲ್ಕು ಸೆಕ್ಟರ್ (ಒಂದು ಊರಿಂದ ಇನ್ನೊಂದಕ್ಕೆ ಒಂದು ಹಾರಾಟ), ಚಿಕ್ಕ ಟರ್ನ್‌ಅರೌಂಡ್, ವಿಮಾನದಲ್ಲೇ ಊಟ. ವರ್ಷಕ್ಕೆ 1,000 ಗಂಟೆಯ ಮಿತಿಯ ಹತ್ತಿರ ಹೋದವರಿಗೆ ಅದು ಮೊದಲ ಮೂರು ವರ್ಷ ಸಂಭ್ರಮ, ಎಂಟನೇ ವರ್ಷಕ್ಕೆ ಬೆನ್ನುನೋವು. 2020ರ ಕೋವಿಡ್ ಹೊತ್ತಲ್ಲಿ ಇಷ್ಟು ಬಲವಾದ ಕಂಪನಿಯೂ ಸಂಬಳ ಕಡಿತದ ಜೊತೆಗೆ ಹತ್ತು ಶೇಕಡ ಸಿಬ್ಬಂದಿಯನ್ನು ಕೈಬಿಡುವುದಾಗಿ ಘೋಷಿಸಿತ್ತು ಎಂಬುದು ನೆನಪಿರಲಿ.

ದೊಡ್ಡ ವಿಮಾನದ ಆಸೆಯಿಂದ ಇಲ್ಲಿಗೆ ಬರುವವರು ಒಂದು ವಿಷಯ ಬಿಡಿಸಿ ನೋಡಬೇಕು. 2025ರಲ್ಲಿ ಮುಂಬೈಯಿಂದ ಆಮ್‌ಸ್ಟರ್‌ಡ್ಯಾಮ್, ಮ್ಯಾಂಚೆಸ್ಟರ್‌ಗೆ ಶುರುವಾದ ಬೋಯಿಂಗ್ 787 ಸೇವೆ ನಾರ್ವೆಯ ನಾರ್ಸ್ ಕಂಪನಿಯಿಂದ ಡ್ಯಾಂಪ್ ಲೀಸ್ ಮೇಲೆ ತಂದ ವಿಮಾನಗಳದ್ದು. ಡ್ಯಾಂಪ್ ಲೀಸ್ ಎಂದರೆ ಕಾಕ್‌ಪಿಟ್‌ನಲ್ಲಿ ಕೂರುವವರು ಲೀಸ್ ಕೊಟ್ಟ ಕಂಪನಿಯವರು. ಇಂಡಿಗೋ ಪೈಲಟ್‌ಗೆ ಅದರಿಂದ 787 ಗಂಟೆ ಸಿಗುವುದಿಲ್ಲ. ಸ್ವಂತ ವೈಡ್‌ಬಾಡಿ (ದೂರ ಹಾರುವ ಅಗಲವಾದ ದೊಡ್ಡ ವಿಮಾನ) ಎಂದರೆ ಆರ್ಡರ್‌ನಲ್ಲಿರುವ ಎ350. ಎ321ಎಕ್ಸ್‌ಎಲ್‌ಆರ್ ಮಾತ್ರ ಬೇರೆ ಲೆಕ್ಕ. ಎ320 ರೇಟಿಂಗ್‌ನವರೇ ಅದಕ್ಕೆ ಸಣ್ಣ ತರಬೇತಿಯೊಂದಿಗೆ ಹೋಗಬಹುದು, ದೂರದ ಸೆಕ್ಟರ್‌ಗಳ ರುಚಿ ಅಲ್ಲಿ ಬೇಗ ಸಿಗುತ್ತದೆ.

ಏರ್ ಇಂಡಿಯಾ

ಭಾರತದ ಪಾಸ್‌ಪೋರ್ಟ್, ಡಿಜಿಸಿಎ ಲೈಸೆನ್ಸ್ ಇಟ್ಟುಕೊಂಡು, ಮನೆ ದೇಶದಲ್ಲೇ ಇಟ್ಟುಕೊಂಡು 777, 787, ಎ350 ಹಾರಿಸಬೇಕೆಂದರೆ ಇದೇ ದಾರಿ. 2022ರ ಜನವರಿ 27ಕ್ಕೆ ಟಾಟಾ ಕೈಗೆ ಬಂದು, 2024ರ ನವೆಂಬರ್ 12ಕ್ಕೆ ವಿಸ್ತಾರಾ ಸೇರಿಕೊಂಡಿತು. 2023ರ 470 ವಿಮಾನಗಳ ಆರ್ಡರ್, ಆಮೇಲೆ ಇನ್ನೂ 100. ಬೆಳವಣಿಗೆ ಕಾಗದದಲ್ಲಿ ಮಾತ್ರವಲ್ಲ, ಆದರೆ ಹಳೆಯ ವಿಮಾನಗಳ ಒಳಾಂಗಣ ಬದಲಾವಣೆಗೂ ಹೊಸವು ಬರುವುದಕ್ಕೂ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ.

ಇಲ್ಲಿನ ಕವಲುದಾರಿ ಎ320 ಫಸ್ಟ್ ಆಫೀಸರ್‌ಗೆ ಎದುರಾಗುತ್ತದೆ: ನ್ಯಾರೋಬಾಡಿಯಲ್ಲೇ (ಎ320ರಂಥ ಚಿಕ್ಕ ವಿಮಾನ) ಇದ್ದು ಬೇಗ ಕಮಾಂಡ್ ಪಡೆಯಬೇಕೋ, ವೈಡ್‌ಬಾಡಿಯ ಬಲ ಸೀಟಿಗೆ ಹೋಗಬೇಕೋ? ವೈಡ್‌ಬಾಡಿಗೆ ಹೋದರೆ ಲಾಗ್‌ಬುಕ್‌ಗೆ ಗೌರವ ಬರುತ್ತದೆ, ವಿದೇಶಿ ಕಂಪನಿಗಳ ಬಾಗಿಲು ತೆರೆಯುತ್ತದೆ. ಆದರೆ ಹದಿನೈದು ಗಂಟೆಯ ಸೆಕ್ಟರ್‌ನಲ್ಲಿ ನಾಲ್ವರು ಪೈಲಟ್‌ಗಳಿರುತ್ತಾರೆ, ಅರ್ಧ ಹೊತ್ತು ಬಂಕ್‌ನಲ್ಲಿ; ತಿಂಗಳಿಗೆ ಎರಡು ಮೂರು ಲ್ಯಾಂಡಿಂಗ್ ಸಿಕ್ಕರೆ ಪುಣ್ಯ. ಕೈಯ ಪಳಗು ಉಳಿಯಬೇಕಾದವರಿಗೆ, ಮೊದಲ ಎರಡು ಸಾವಿರ ಗಂಟೆಯೊಳಗಿನವರಿಗೆ, ಇದನ್ನು ನಾವು ಸಲಹೆ ಮಾಡುವುದಿಲ್ಲ. ಎ320 ಕಮಾಂಡ್ ಪಡೆದು, ಒಂದು ಸಾವಿರ ಗಂಟೆ ಎಡ ಸೀಟಲ್ಲಿ ಕೂತು, ಆಮೇಲೆ ವೈಡ್‌ಬಾಡಿಗೆ ಹೋಗುವುದು ನಿಧಾನದ ದಾರಿ, ಆದರೆ ಗಟ್ಟಿ.

ವೈಡ್‌ಬಾಡಿ ಬೇಸ್ ಹೆಚ್ಚಾಗಿ ದೆಹಲಿ, ಮುಂಬೈ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದ ಮೇಲೆ ಉತ್ತರ ಭಾರತದಿಂದ ಯುರೋಪು, ಅಮೆರಿಕದ ಹಾರಾಟ ಉದ್ದವಾಗಿದ್ದು ರೋಸ್ಟರ್ ಮೇಲೆ ನೇರ ಭಾರ ಹಾಕಿತು. ಎರಡು ಮೂರು ಕಂಪನಿಗಳ ಸೀನಿಯಾರಿಟಿ ಪಟ್ಟಿ ಒಂದಾದ ಕಡೆ ನಿಮ್ಮ ಸಂಖ್ಯೆ ಎಲ್ಲಿ ಕೂರುತ್ತದೆ ಎಂಬುದನ್ನು ಸೇರುವ ಮುಂಚೆಯೇ ಬರೆಸಿಕೊಳ್ಳಿ. ಒಂದು ಒಳ್ಳೆಯ ಅಂಶವೆಂದರೆ ಪೈಲಟ್‌ಗಳ ಸಂಘಗಳು ಹಳೆಯವು, ಅನುಭವಸ್ಥವು. ನ್ಯಾರೋಬಾಡಿಯವರಿಗೆ ಐಸಿಪಿಎ, ವೈಡ್‌ಬಾಡಿಯವರಿಗೆ ಐಪಿಜಿ.

ಎಕ್ಸ್‌ಪ್ರೆಸ್, ಆಕಾಸಾ

ಬೆಂಗಳೂರು ಬೇಸ್ ಮುಖ್ಯ ಎನ್ನುವವರು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕಡೆ ಗಂಭೀರವಾಗಿ ನೋಡಬೇಕು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇದ್ದ ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್ 1ಕ್ಕೆ ಇದರಲ್ಲಿ ವಿಲೀನವಾಯಿತು. 737, ಎ320 ಎರಡೂ ಇವೆ. ಬೆಂಗಳೂರು ದೊಡ್ಡ ನೆಲೆ. ಮಂಗಳೂರು, ಕಲ್ಲಿಕೋಟೆಯಂಥ ಟೇಬಲ್‌ಟಾಪ್ (ಗುಡ್ಡದ ಮೇಲೆ ಸಮತಟ್ಟು ಮಾಡಿದ) ರನ್‌ವೇಗಳು, ಮಧ್ಯರಾತ್ರಿ ಗಲ್ಫ್‌ಗೆ ಹೋಗಿ ಮುಂಜಾನೆ ಮಳೆಯಲ್ಲಿ ಇಳಿಯುವ ಡ್ಯೂಟಿ: ಕಲಿಯುವುದು ಬಹಳ, ದಣಿಯುವುದೂ ಬಹಳ.

ಆಕಾಸಾ 2022ರ ಆಗಸ್ಟ್ 7ರಂದು ಹಾರಾಟ ಶುರು ಮಾಡಿತು, 737 ಮ್ಯಾಕ್ಸ್‌ ಮಾತ್ರ. 226 ವಿಮಾನಗಳ ಆರ್ಡರ್ ಇದೆ. ಚಿಕ್ಕ ಕಂಪನಿಯಲ್ಲಿ ಮೇಲಿನವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಸೀನಿಯಾರಿಟಿ ಪಟ್ಟಿ ಚಿಕ್ಕದು. ಆದರೆ ಬೋಯಿಂಗ್ ವಿಮಾನ ಕೊಡುವುದು ತಡವಾದಾಗ, ಮುಂಚಿತವಾಗಿ ನೇಮಿಸಿಕೊಂಡ ಪೈಲಟ್‌ಗಳು ಹಾರಲು ವಿಮಾನವಿಲ್ಲದೆ ತಿಂಗಳುಗಟ್ಟಲೆ ಕಾದರು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ರಿಲೀಸ್ ಆಗುವ ತಿಂಗಳು ಕೈಯಲ್ಲಿರುವ ವಿಮಾನ ಎಷ್ಟು, ಹಾರುತ್ತಿರುವ ಪೈಲಟ್ ಎಷ್ಟು? 200 ಗಂಟೆಯ ಹೊಸಬರಿಗೆ ಒಂದು ವರ್ಷ ಹಾರದೆ ಕೂರುವುದು ಸಂಬಳ ಬಂದರೂ ನಷ್ಟವೇ.

ಸಣ್ಣ ವಿಮಾನದ ದೊಡ್ಡ ಲಾಭ

ಎಟಿಆರ್ (ಸಣ್ಣ ಪ್ರೊಪೆಲ್ಲರ್ ವಿಮಾನ) ಎಂದರೆ ಹಲವರು ಮೂಗು ಮುರಿಯುತ್ತಾರೆ. ಅದು ತಪ್ಪು. ಮೈಸೂರು, ಶಿವಮೊಗ್ಗದಂಥ ಊರುಗಳಿಗೆ ದಿನಕ್ಕೆ ನಾಲ್ಕು ಲ್ಯಾಂಡಿಂಗ್, ಮೋಡದ ಮೇಲಲ್ಲ, ಮೋಡದೊಳಗೆ ಹಾರಾಟ, ಅಡ್ಡಗಾಳಿಯಲ್ಲಿ ಕೈಯಿಂದ ಹಾರಿಸುವ ಅಪ್ರೋಚ್. ಒಂದು ವರ್ಷದ ಎಟಿಆರ್ ಕಲಿಸುವುದನ್ನು ಎರಡು ವರ್ಷದ ಜೆಟ್ ಕಲಿಸುವುದಿಲ್ಲ. ಕಮಾಂಡ್ ಬೇಗ, ರಾತ್ರಿ ಡ್ಯೂಟಿ ಕಡಿಮೆ, ಹೆಚ್ಚು ದಿನ ಸಂಜೆ ಮನೆಗೆ. ಕೊರತೆ ಎರಡು: ಸಂಬಳ ಜೆಟ್‌ಗಿಂತ ಕಡಿಮೆ, ಜೆಟ್‌ಗೆ ಹೋಗುವಾಗ ಹೊಸ ಟೈಪ್ ರೇಟಿಂಗ್ ಬೇಕು. ಇಂಡಿಗೋದಂತೆ ಎರಡೂ ವಿಮಾನ ಇರುವ ಕಡೆ ಸೇರಿದರೆ ಒಳಗಿನಿಂದಲೇ ಬದಲಾಗಬಹುದು. ಎಷ್ಟು ವರ್ಷಕ್ಕೆ, ಯಾವ ಬಾಂಡ್ ಮೇಲೆ ಎಂದು ಕೇಳಿ.

ಸ್ಟಾರ್ ಏರ್ 2019ರ ಜನವರಿಯಿಂದ ಹಾರುತ್ತಿದೆ, ಇಆರ್‌ಜೆ 145 ಮತ್ತು ಇ175 ಇವೆ. ಬೆಳಗಾವಿ, ಕಲಬುರಗಿ, ಬೀದರ್ ಕಡೆಯವರಿಗೆ ಊರಿನ ಆಕಾಶ ಇದು. ಜೆಟ್ ಗಂಟೆ ಸಿಗುತ್ತದೆ, ಜನ ಕಡಿಮೆ ಇರುವುದರಿಂದ ರೋಸ್ಟರ್‌ನವರ ಜೊತೆ ಮಾತಾಡಿ ಹೊಂದಿಸಿಕೊಳ್ಳಲು ಆಗುತ್ತದೆ. ಆದರೆ ಈ ರೇಟಿಂಗ್‌ಗೆ ದೇಶದಲ್ಲಿ ಬೇರೆ ಮಾರುಕಟ್ಟೆ ಇಲ್ಲದಂತೆ. ಸೇರುವಾಗಲೇ ಎ320 ರೇಟಿಂಗ್‌ಗೆ ಬೇಕಾಗುವ 15ರಿಂದ 20 ಲಕ್ಷವನ್ನು ಪ್ರತ್ಯೇಕವಾಗಿ ಕೂಡಿಡಲು ಶುರು ಮಾಡಿ.

ಗಲ್ಫ್

ದುಬೈ, ದೋಹಾ, ಅಬುಧಾಬಿ. ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ, ದೊಡ್ಡ ಕಂಪನಿಗಳು ಮನೆ ಅಥವಾ ಬಾಡಿಗೆ ಭತ್ಯೆ, ಮಕ್ಕಳ ಶಾಲಾ ಶುಲ್ಕದ ದೊಡ್ಡ ಪಾಲು ಕೊಡುತ್ತವೆ. ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲಿ 24 ಲಕ್ಷದ ಮೇಲೆ 30 ಶೇಕಡ, 50 ಲಕ್ಷ ದಾಟಿದರೆ ಸರ್ಚಾರ್ಜ್ ಬೇರೆ ಕಟ್ಟುವ ಕ್ಯಾಪ್ಟನ್‌ಗೆ ಈ ವ್ಯತ್ಯಾಸ ಕಣ್ಣು ಕುಕ್ಕುವಂಥದ್ದು. ಹೆಚ್ಚಾಗಿ ಜೆಟ್‌ನಲ್ಲಿ ಎರಡು ಸಾವಿರ ಗಂಟೆ ಆಸುಪಾಸಿನ ಅನುಭವ ಕೇಳುತ್ತಾರೆ. ಅಲ್ಲಿನ ಲೈಸೆನ್ಸ್‌ಗೆ ಪರಿವರ್ತನೆ, ಮೆಡಿಕಲ್, ಇಂಗ್ಲಿಷ್ ಮಟ್ಟದ ಪ್ರಮಾಣಪತ್ರ ಎಲ್ಲ ಹೊಸದಾಗಿ.

ದೂರದ ಬೆಟ್ಟದ ಮುಳ್ಳುಗಳನ್ನೂ ಹೇಳಬೇಕು. ಇಲ್ಲಿ ಕ್ಯಾಪ್ಟನ್ ಆದವರೂ ಅಲ್ಲಿ ಬಹುಪಾಲು ಬಲ ಸೀಟಿಗೆ ಇಳಿಯುತ್ತಾರೆ. ವೀಸಾ ಕಂಪನಿಗೆ ಕಟ್ಟಿರುತ್ತದೆ. ಕೆಲಸ ಹೋದರೆ ಮನೆ, ಮಕ್ಕಳ ಶಾಲೆ, ದೇಶ ಮೂರೂ ಒಟ್ಟಿಗೆ ಹೋಗುತ್ತವೆ. ಭಾರತದ ಕಡೆಯ ವಿಮಾನಗಳು ಹೆಚ್ಚಾಗಿ ನಡುರಾತ್ರಿಯವು. ಶಾಲಾ ಶುಲ್ಕದ ಮಿತಿ ಅಸಲಿ ಶುಲ್ಕಕ್ಕಿಂತ ಕಡಿಮೆ ಇದ್ದರೆ ಮೂರು ಮಕ್ಕಳಿರುವವರ ಉಳಿತಾಯ ಕರಗುತ್ತದೆ, ಆದ್ದರಿಂದ ಶಾಲೆಯ ಶುಲ್ಕಪಟ್ಟಿ ತರಿಸಿ ನೋಡಿ. ಪಿಎಫ್ ಇಲ್ಲ, ಯುಎಇಯಲ್ಲಿ ಕೆಲಸ ಬಿಡುವಾಗ ಕಾನೂನಿನ ಪ್ರಕಾರ ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ, ಆಮೇಲೆ 30 ದಿನಗಳ ಮೂಲ ವೇತನ ಸಿಗುತ್ತದೆ, ಮೂಲ ವೇತನ ಎಷ್ಟು ಚಿಕ್ಕದಿದೆ ಎಂಬುದೇ ಮುಖ್ಯ.

ತೆರಿಗೆಯಲ್ಲಿ ತಪ್ಪುವವರು ಬಹಳ. ಅನಿವಾಸಿ ಎನಿಸಿಕೊಳ್ಳಲು ಹೊರಡುವ ಆರ್ಥಿಕ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಜುಲೈನಲ್ಲಿ ಹೊರಡುವುದಕ್ಕೂ ನವೆಂಬರ್‌ನಲ್ಲಿ ಹೊರಡುವುದಕ್ಕೂ ಲಕ್ಷಾಂತರ ರೂಪಾಯಿ ವ್ಯತ್ಯಾಸ. ಆಮೇಲೂ ಬೆಂಗಳೂರಿಗೆ ಲೇಓವರ್ (ಎರಡು ಹಾರಾಟಗಳ ನಡುವೆ ಬೇರೆ ಊರಲ್ಲಿ ತಂಗುವುದು) ಬಂದ ದಿನಗಳನ್ನು ಬಿಡದೆ ಬರೆದಿಡಿ. ಸಿಬ್ಬಂದಿಯಾಗಿ ಬಂದಾಗ ಪಾಸ್‌ಪೋರ್ಟ್‌ನಲ್ಲಿ ಮುದ್ರೆ ಇಲ್ಲದೆ ಹೋಗಬಹುದು, ರೋಸ್ಟರ್ ಪ್ರತಿಯೇ ದಾಖಲೆ.

ಯಾರಿಗೆ ಯಾವುದು

ಸಾಲ ಮಾಡಿ ಕಲಿತ ಹೊಸಬರು ಮೊದಲು ಕಂತಿನ ಲೆಕ್ಕ ಹಾಕಿ. ಕೆಡೆಟ್ ಯೋಜನೆಗೆ (ಏರ್‌ಲೈನ್ ಮೂಲಕವೇ ತರಬೇತಿ ಪಡೆದು ಸೇರುವ ದಾರಿ) ಕೋಟಿ ಸಾಲ ಮಾಡಿದ್ದರೆ 11 ಶೇಕಡ ಬಡ್ಡಿಗೆ ಹದಿನೈದು ವರ್ಷದ ಕಂತು ತಿಂಗಳಿಗೆ ಸುಮಾರು 1.14 ಲಕ್ಷ, ಹತ್ತು ವರ್ಷದ್ದಾದರೆ 1.38 ಲಕ್ಷ. ಟ್ರೇನಿ ಭತ್ಯೆಯ ತಿಂಗಳುಗಳಲ್ಲಿ ಅದನ್ನು ಹೊರಲಾಗುವುದಿಲ್ಲ, ಒಂದು ವರ್ಷದ ಕಂತು ಕೈಯಲ್ಲಿರಬೇಕು. ಇವರಿಗೆ ಬೇಕಾದ್ದು ಬೇಗ ಗಂಟೆ ತುಂಬುವ, ಎ320 ಅಥವಾ ಎಟಿಆರ್ ಇರುವ, ಸಂಬಳ ತಪ್ಪದ ದೊಡ್ಡ ಕಂಪನಿ. ಬೇಸ್ ಎಲ್ಲಿ ಕೊಟ್ಟರೂ ಮೊದಲ ಎರಡು ವರ್ಷ ಹೋಗಿ.

ಎರಡು ಮೂರು ಸಾವಿರ ಗಂಟೆಯ ಫಸ್ಟ್ ಆಫೀಸರ್ ಈಗಿರುವ ಕಡೆ ಕಮಾಂಡ್ ಎರಡು ವರ್ಷದೊಳಗೆ ಕಾಣುತ್ತಿದ್ದರೆ ಅಲುಗಾಡಬೇಡಿ. ಗಲ್ಫ್ ಆಸೆ ಇದ್ದರೂ ಕಮಾಂಡ್ ಗಂಟೆ ಇಟ್ಟುಕೊಂಡು ಹೋದವರಿಗೆ ಅಲ್ಲೂ ಬೆಲೆ, ವಾಪಸ್ ಬಂದರೆ ಇಲ್ಲೂ ಬೆಲೆ. ಒಂದೇ ತೊಡಕು: ಕಮಾಂಡ್ ಆದ ದಿನದಿಂದ ನೋಟಿಸ್ ಆರು ತಿಂಗಳಿಂದ ಒಂದು ವರ್ಷಕ್ಕೆ ಏರುತ್ತದೆ. ವಿದೇಶದ ಆಫರ್ ಈಗಾಗಲೇ ಕೈಯಲ್ಲಿದ್ದರೆ ಅಪ್‌ಗ್ರೇಡ್ ಒಪ್ಪುವ ಮೊದಲೇ ತೀರ್ಮಾನಿಸಿ.

ವಯಸ್ಸಾದ ತಂದೆ ತಾಯಿ, ಚಿಕ್ಕ ಮಕ್ಕಳು ಮನೆಯಲ್ಲಿರುವ ಕ್ಯಾಪ್ಟನ್‌ಗಳು ಬೆಂಗಳೂರು ಬೇಸ್ ಬರವಣಿಗೆಯಲ್ಲಿ ಸಿಗುವ ಕಡೆ ಹತ್ತು ಹದಿನೈದು ಶೇಕಡ ಕಡಿಮೆ ಸಂಬಳಕ್ಕೂ ಒಪ್ಪಬಹುದು; ಎರಡು ಊರಲ್ಲಿ ಮನೆ ನಡೆಸುವ ಖರ್ಚೇ ಅಷ್ಟು ತಿನ್ನುತ್ತದೆ. ಬಾಯಿಮಾತಿನ ಬೇಸ್ ಭರವಸೆಗೆ ಮಾತ್ರ ಬೆಲೆ ಕೊಡಬೇಡಿ. ಐವತ್ತು ದಾಟಿದವರು 65ರ ತನಕ ಹಾರಿಸುವ ಕಂಪನಿಯೇ, ಲೈಸೆನ್ಸ್ ವಿಮೆ ಯಾವ ವಯಸ್ಸಿಗೆ ನಿಲ್ಲುತ್ತದೆ ಎಂಬ ಎರಡನ್ನು ಮೊದಲು ನೋಡಿ.

ತೀರ್ಮಾನವಾದ ಮೇಲೆ ಕ್ರಮ ತಪ್ಪಬಾರದು. ಹೊಸ ಕಂಪನಿಯ ಲಿಖಿತ ಆಫರ್, ಬೇಸ್, ಸೇರುವ ದಿನಾಂಕ, ಬಾಂಡ್ ಪತ್ರ ಎಲ್ಲ ಕೈಗೆ ಬಂದ ಮೇಲೆ ರಾಜೀನಾಮೆ. ಅದನ್ನು ಇಮೇಲ್‌ನಲ್ಲಿ ಕಳಿಸಿ, ಸ್ವೀಕರಿಸಿದ ಉತ್ತರವನ್ನು ಉಳಿಸಿಕೊಳ್ಳಿ. ನೋಟಿಸ್ ಎಣಿಕೆ ಆ ದಿನಾಂಕದಿಂದ. ಕಂಪನಿಯ ಇಮೇಲ್ ಮುಚ್ಚುವ ಮುಂಚೆ ಟ್ರೇನಿಂಗ್ ದಾಖಲೆ, ಪ್ರೊಫಿಷಿಯೆನ್ಸಿ ಚೆಕ್ ಫಾರಂಗಳು, ಐದು ವರ್ಷದ ಸಂಬಳದ ಚೀಟಿ, ಫಾರಂ 16 ಎಲ್ಲವನ್ನೂ ಇಳಿಸಿಕೊಳ್ಳಿ. ಲಾಗ್‌ಬುಕ್ ಗಂಟೆಗಳನ್ನು ಡಿಜಿಸಿಎಯ ಆನ್‌ಲೈನ್ ತಾಣ ಇಜಿಸಿಎಯಲ್ಲಿ ಕಂಪನಿಯಿಂದ ದೃಢೀಕರಿಸಿಕೊಳ್ಳದೆ ಕೊನೆಯ ದಿನ ದಾಟಬೇಡಿ. ಹಳೆಯ ಏರ್‌ಲೈನ್ ಮುಚ್ಚಿಹೋದ ಮೇಲೆ ಒಂದು ಸಹಿಗಾಗಿ ವರ್ಷಗಟ್ಟಲೆ ಅಲೆದವರಿದ್ದಾರೆ. ನೋಟಿಸ್ ಅವಧಿಯಲ್ಲಿ ಮೆಡಿಕಲ್ ಮುಗಿಯುವಂತಿದ್ದರೆ ಅದನ್ನು ಹಳೆಯ ಕಂಪನಿಯಲ್ಲಿದ್ದಾಗಲೇ ನವೀಕರಿಸಿಕೊಳ್ಳಿ, ಅದರ ವಿಮೆ ಇನ್ನೂ ನಿಮ್ಮ ಹೆಸರಲ್ಲಿರುವಾಗ.